ಹನ್ನೆರಡರಲ್ಲಿ ಹನ್ನೊಂದು: ಪೀಟರ್ ಕ್ಯಾನವನ್ ಕತೆ

(ಕ್ರೀಡಾ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

  ಹಿಂದಿನ ಸಂಚಿಕೆಯಲ್ಲಿ ಐಪಿಎಲ್ ಹರಾಜಿನ ಬಗ್ಗೆ ಮಾತಾಡಿದ್ದೆ. ಅದನ್ನು ಕೇಳಿ ಒಬ್ಬರು ಮೆಸೇಜ್ ಹಾಕಿದ್ರು: "ಸಾರ್, ಒಂದು ರೂಪಾಯಿ ಸಂಬಳ ಇಲ್ಲದೆ, ಜೀವ ಒತ್ತೆ ಇಟ್ಟು ಆಡೋರು ಈಗಿನ ಕಾಲದಲ್ಲಿ ಯಾರಾದ್ರೂ ಇದ್ದಾರಾ?" ಇದ್ದಾರೆ. ಎಂಬತ್ತು ಸಾವಿರ ಜನ ಕೂರೋ ಸ್ಟೇಡಿಯಮ್ಮಿನಲ್ಲಿ ಭಾನುವಾರ ಆಡಿ, ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗಿ ಮಕ್ಕಳ ಹಾಜರಿ ತಗೊಳ್ಳೋರು ಇದ್ದಾರೆ. ಇವತ್ತು ಅಂಥ ಒಬ್ಬರ ಕತೆ ಹೇಳ್ತೀನಿ. ಹೆಸರು ಪೀಟರ್ ಕ್ಯಾನವನ್. ಆಟ ಗೇಲಿಕ್ ಫುಟ್‌ಬಾಲ್. ಊರು ಐರ್ಲೆಂಡಿನ ಉತ್ತರ ಭಾಗದ ಟಿರೋನ್ ಕೌಂಟಿಯಲ್ಲಿರೋ ಬ್ಯಾಲಿಗಾಲಿ ಹತ್ತಿರದ ಗ್ಲೆನ್‌ಕಲ್.

ನನಗೆ ಈ ಆಟ ಹೇಗೆ ಗೊತ್ತು ಅಂತ ಮೊದಲು ಹೇಳಿಬಿಡ್ತೀನಿ. ಕೆಲಸದ ಮೇಲೆ ಎರಡು ವರ್ಷ ಟಿರೋನ್‌ನ ಓಮಾ ಅನ್ನೋ ಪಟ್ಟಣದಲ್ಲಿದ್ದೆ. ನನ್ನ ಮನೆ ಮಾಲೀಕರು ನಿವೃತ್ತ ಬಸ್ ಡ್ರೈವರ್. ಮಳೆ ಬಿಟ್ಟೂಬಿಡದೆ ಸುರಿಯೋ ಒಂದು ಸಂಜೆ ಟೀ ಕೊಟ್ಟು ಕೂರಿಸಿ, ಹಳೇ ಕ್ಯಾಸೆಟ್ ಹಾಕಿದ್ರು. 1995ರ ಫೈನಲ್. ಮ್ಯಾಚ್ ಮುಗಿಯೋಕೆ ಇನ್ನೇನು ಸ್ವಲ್ಪ ಹೊತ್ತು ಇದೆ ಅನ್ನೋವಾಗ ಎದ್ದು, "ಇನ್ನೊಂದು ಕಪ್ ಟೀ ಇಡ್ತೀನಿ" ಅಂತ ಅಡುಗೆಮನೆಗೆ ಹೋಗಿಬಿಟ್ರು. ನನ್ನ ಕಪ್ಪು ಇನ್ನೂ ತುಂಬಿತ್ತು. ಆಮೇಲೆ ಅರ್ಥ ಆಯ್ತು, ಅಷ್ಟು ವರ್ಷ ಆದ್ರೂ ಆ ಕೊನೆಯ ನಿಮಿಷಗಳನ್ನು ನೋಡೋಕೆ ಅವರಿಗೆ ಆಗ್ತಿರಲಿಲ್ಲ. ಯಾಕೆ ಅಂತ ಮುಂದೆ ಬರುತ್ತೆ.

ಮೊದಲು ಆಟ ತಿಳ್ಕೊಳ್ಳೋಣ, ಬೇಗ ಮುಗಿಸ್ತೀನಿ. ಒಂದು ತಂಡದಲ್ಲಿ 15 ಜನ. ಮೈದಾನ ನಾವು ಟಿವಿಯಲ್ಲಿ ನೋಡೋ ಫುಟ್‌ಬಾಲ್ ಮೈದಾನಕ್ಕಿಂತ ದೊಡ್ಡದು, 130ರಿಂದ 145 ಮೀಟರ್ ಉದ್ದ. ಗೋಲ್‌ಪೋಸ್ಟ್ ಇಂಗ್ಲಿಷ್‌ನ ಎಚ್ ಅಕ್ಷರದ ಆಕಾರ. ಅಡ್ಡ ಕಂಬಿಯ ಮೇಲಿಂದ, ಎರಡು ಕಂಬಗಳ ನಡುವೆ ಚೆಂಡು ಹೋದ್ರೆ 1 ಪಾಯಿಂಟ್. ಕಂಬಿಯ ಕೆಳಗೆ ಬಲೆಗೆ ಹೋದ್ರೆ ಗೋಲು, ಅದಕ್ಕೆ 3 ಪಾಯಿಂಟ್. 2025ರಿಂದ 40 ಮೀಟರ್ ಆಚೆಯಿಂದ ಹೊಡೆದದ್ದಕ್ಕೆ 2 ಅಂತ ಹೊಸ ನಿಯಮ ಬಂದಿದೆ, ಆದರೆ ನಮ್ಮ ಕತೆಯ ಕಾಲದಲ್ಲಿ ಅದಿರಲಿಲ್ಲ. ಸ್ಕೋರ್ ಬರೆಯೋ ರೀತಿ ವಿಚಿತ್ರ. 1-10 ಅಂದ್ರೆ ಒಂದು ಗೋಲು, ಹತ್ತು ಪಾಯಿಂಟ್, ಒಟ್ಟು 13. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಆದರೆ ಹಿಡ್ಕೊಂಡೇ ಓಡೋ ಹಾಗಿಲ್ಲ. ನಾಲ್ಕು ಹೆಜ್ಜೆ ಆದಮೇಲೆ ನೆಲಕ್ಕೆ ಪುಟಿಸಬೇಕು, ಇಲ್ಲಾ ಕಾಲಿನ ತುದಿಯಿಂದ ತಟ್ಟಿ ವಾಪಸ್ ಕೈಗೆ ತಗೋಬೇಕು. ಇನ್ನೊಂದು ನಿಯಮ, ಇದನ್ನು ದಯವಿಟ್ಟು ನೆನಪಿಟ್ಕೊಳ್ಳಿ. ನೆಲದ ಮೇಲಿರೋ ಚೆಂಡನ್ನು ಕೈಯಿಂದ ಮುಟ್ಟೋ ಹಾಗಿಲ್ಲ. ಕಾಲಿನ ಬೆರಳಿನಿಂದ ಮೇಲೆತ್ತಿ ಆಮೇಲೆ ಕೈಗೆ. ಹೆಂಗಸರ ಆಟದಲ್ಲಿ ನೇರ ಕೈಯಿಂದ ಎತ್ತಬಹುದು. ಗಂಡಸರ ಆಟದಲ್ಲಿ ಇಲ್ಲ.

ಇದೆಲ್ಲಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಈ ಆಟ ನಡೆಸೋದು ಜಿಎಎ ಅನ್ನೋ ಸಂಸ್ಥೆ, 1884ರಲ್ಲಿ ಶುರುವಾದದ್ದು. ಅಲ್ಲಿ ಸಂಬಳ ಇಲ್ಲ, ಹರಾಜಿಲ್ಲ. ನಿಮ್ಮ ಊರಿನ, ಅಂದ್ರೆ ನಿಮ್ಮ ಪ್ಯಾರಿಷ್‌ನ ಕ್ಲಬ್‌ಗೆ ಆಡ್ತೀರಿ, ಚೆನ್ನಾಗಿ ಆಡಿದ್ರೆ ನಿಮ್ಮ ಕೌಂಟಿಗೆ ಆಡ್ತೀರಿ. ಪ್ಯಾರಿಷ್ ಅಂದ್ರೆ ಒಂದು ಚರ್ಚಿನ ವ್ಯಾಪ್ತಿಗೆ ಬರೋ ಹಳ್ಳಿಗಳ ಗುಂಪು, ನಮ್ಮ ಹೋಬಳಿಗಿಂತ ಚಿಕ್ಕದು ಅಂದ್ಕೊಳ್ಳಿ. ಪಕ್ಕದ ಕೌಂಟಿ ಬಲವಾಗಿದೆ, ಅಲ್ಲಿಗೆ ಹೋಗ್ತೀನಿ ಅಂದ್ರೆ ಸುಮ್ಮನೆ ಆಗೋ ಮಾತಲ್ಲ. ಹುಟ್ಟಿದ ನೆಲವೇ ನಿಮ್ಮ ತಂಡ. ಕೇಳೋಕೆ ತುಂಬ ಚಂದ ಅಲ್ವಾ? ಆದರೆ ಆ ನೆಲವೇ ಎರಡು ಹೋಳಾದ್ರೆ ಏನ್ಮಾಡ್ತೀರಿ?

ಕ್ಯಾನವನ್‌ಗೆ ಆದದ್ದು ಅದೇ.

ಹುಟ್ಟಿದ್ದು 1971ರ ಏಪ್ರಿಲ್‌ನಲ್ಲಿ. ಹನ್ನೊಂದು ಮಕ್ಕಳ ಮನೆ, ಇವರು ಹತ್ತನೆಯವರು. 1982ರಲ್ಲಿ, ಇವರಿಗಿನ್ನೂ ಹನ್ನೊಂದು ವರ್ಷ, ಬ್ಯಾಲಿಗಾಲಿ ಪ್ಯಾರಿಷ್‌ನಲ್ಲಿ ಫುಟ್‌ಬಾಲ್ ವಿಷಯಕ್ಕೆ ಜಗಳ ಎದ್ದಿತು. ಒಂದು ಕಡೆ ಬ್ಯಾಲಿಗಾಲಿ, ಇನ್ನೊಂದು ಕಡೆ ಗ್ಲೆನ್‌ಕಲ್. ಗ್ಲೆನ್‌ಕಲ್‌ನವರು ನಮಗೆ ಬೇರೆ ಕ್ಲಬ್ ಕೊಡಿ ಅಂದರು. ಒಂದು ಪ್ಯಾರಿಷ್‌ಗೆ ಒಂದೇ ಕ್ಲಬ್, ಕೊಡೋಕಾಗಲ್ಲ ಅಂತ ಉತ್ತರ ಬಂತು. ಇವರು ಬಿಡಲಿಲ್ಲ, ಅವರು ಬಗ್ಗಲಿಲ್ಲ. ಒಂದಲ್ಲ ಎರಡಲ್ಲ, ಎಂಟು ವರ್ಷ ನಡೀತು. ಒಂದೇ ಚರ್ಚಿಗೆ ಹೋಗೋ ಜನ, ಒಂದೇ ಶಾಲೆಗೆ ಹೋಗೋ ಮಕ್ಕಳು, ಮೈದಾನದ ವಿಷಯ ಬಂದ್ರೆ ಮಾತು ಬಂದ್.

ಅಂದ್ರೆ ಹನ್ನೊಂದರಿಂದ ಹತ್ತೊಂಬತ್ತನೇ ವಯಸ್ಸಿನವರೆಗೆ, ಆಟಗಾರನೊಬ್ಬ ರೂಪುಗೊಳ್ಳೋ ಅಷ್ಟೂ ವರ್ಷ, ಈ ಹುಡುಗನಿಗೆ ಅಧಿಕೃತವಾಗಿ ಒಂದು ಫುಟ್‌ಬಾಲ್ ಕ್ಲಬ್ ಇರಲಿಲ್ಲ. ಗ್ಲೆನ್‌ಕಲ್‌ನವರು ತಮ್ಮಷ್ಟಕ್ಕೆ ತಾವು ಅಭ್ಯಾಸ ಮಾಡ್ತಿದ್ರು, ಯಾರಾದ್ರೂ ಒಪ್ಪಿದ್ರೆ ಸೌಹಾರ್ದ ಪಂದ್ಯ ಆಡ್ತಿದ್ರು. ಲೀಗ್ ಇಲ್ಲ, ಕಪ್ ಇಲ್ಲ.

ಇಲ್ಲಿ ಒಂದು ಸಣ್ಣ ಸ್ವಂತದ ಮಾತು. ನಾನು ಹೈಸ್ಕೂಲಲ್ಲಿದ್ದಾಗ ನಮ್ಮೂರಿನ ವಾಲಿಬಾಲ್ ತಂಡ ಮೇಲಿನ ಕೇರಿ ಕೆಳಗಿನ ಕೇರಿ ಅಂತ ಒಡೆದು ಹೋಯ್ತು. ಕಾರಣ ಒಂದು ಟೂರ್ನಮೆಂಟಿನ ಬಹುಮಾನದ ದುಡ್ಡು. ನೆಟ್ ಒಬ್ಬರ ಮನೆಯಲ್ಲಿ, ಚೆಂಡು ಇನ್ನೊಬ್ಬರ ಮನೆಯಲ್ಲಿ. ಎರಡು ವರ್ಷ ಯಾರೂ ಆಡಲಿಲ್ಲ. ನನಗೆ ಸ್ಮ್ಯಾಶ್ ಹೊಡೆಯೋದು ಆಗಷ್ಟೇ ಕೈ ಹತ್ತಿತ್ತು. ಮತ್ತೆ ಎಲ್ಲ ಸರಿಹೋದಾಗ ನಾನು ಪಿಯುಸಿಗೆ ಅಂತ ಊರು ಬಿಟ್ಟಾಗಿತ್ತು. ಅದಕ್ಕೇ ಮನೆ ಮಾಲೀಕರು ಗ್ಲೆನ್‌ಕಲ್ ಕತೆ ಹೇಳುವಾಗ ನಾನು ನಡುನಡುವೆ "ಗೊತ್ತು, ಗೊತ್ತು" ಅಂತಿದ್ದೆ. ಅವರು, "ನಿಮ್ಮಲ್ಲೂ ಹೀಗೆ ಮಾಡ್ತಾರಾ?" ಅಂತ ಬಹಳ ಸಮಾಧಾನದಿಂದ ಕೇಳಿದ್ರು.

ಸರಿ, ಕ್ಲಬ್ ಇಲ್ಲ. ಆದರೆ ಕೌಂಟಿಯ ಮೈನರ್ ತಂಡಕ್ಕೆ, ಅಂದ್ರೆ ಹದಿನೆಂಟರೊಳಗಿನವರ ತಂಡಕ್ಕೆ ಆಡಬೇಕು ಅಂದ್ರೆ ಯಾವುದಾದ್ರೂ ಜಿಎಎ ಕ್ಲಬ್‌ನಲ್ಲಿ ಹೆಸರಿರಬೇಕು. ಆಗ ಒಂದು ದಾರಿ ಕಂಡುಹಿಡಿದ್ರು. ಅದೇ ಸಂಸ್ಥೆಯ ಇನ್ನೊಂದು ಆಟ ಹರ್ಲಿಂಗ್, ಕೋಲಿನಿಂದ ಸಣ್ಣ ಚೆಂಡು ಹೊಡೆಯೋ ಆಟ. ಓಮಾ ಪಕ್ಕದ ಕಿಲಿಕ್ಲಾಹರ್‌ನ ಹರ್ಲಿಂಗ್ ಕ್ಲಬ್‌ನಲ್ಲಿ ಇವರ ಹೆಸರು ನೋಂದಾಯಿಸಿದ್ರು. ಫುಟ್‌ಬಾಲ್ ಆಡೋಕೆ ಹರ್ಲಿಂಗ್ ಕ್ಲಬ್ಬಿನ ಸದಸ್ಯ! ಆ ಒಂದು ಕಾಗದ ಇಲ್ಲದೇ ಹೋಗಿದ್ರೆ ಇವತ್ತು ಈ ಸಂಚಿಕೆ ಇರ್ತಿರಲಿಲ್ಲ. ನಿಯಮ ಮುರಿಯದೇ ನಿಯಮದ ಪಕ್ಕದಿಂದ ನುಸುಳೋದು ಫಾರ್ವರ್ಡ್‌ಗಳ ಗುಣ. ಆ ವಿದ್ಯೆ ಅವರಿಗೆ ಮೈದಾನಕ್ಕೆ ಇಳಿಯೋ ಮೊದಲೇ ಬಂತು ಅನ್ನಿಸುತ್ತೆ.

ಅದು ಉತ್ತರ ಐರ್ಲೆಂಡಿನಲ್ಲಿ ಬಾಂಬು, ಬಂದೂಕು, ಸೈನಿಕರ ಕಾವಲಿನ ಕಾಲ ಅನ್ನೋದನ್ನೂ ಮರೀಬೇಡಿ. ಬ್ಯಾಲಿಗಾಲಿಯಿಂದ ಕೆಲವೇ ಮೈಲಿ ದೂರದ ಆಹ್ನಕ್ಲಾಯ್ ಅನ್ನೋ ಗಡಿ ಹಳ್ಳಿಯಲ್ಲಿ, 1988ರ ಫೆಬ್ರವರಿಯಲ್ಲಿ, ಏಡನ್ ಮೆಕಾನೆಸ್ಪಿ ಅನ್ನೋ 23 ವರ್ಷದ ಯುವಕ ಫುಟ್‌ಬಾಲ್ ಮೈದಾನದ ಕಡೆ ನಡ್ಕೊಂಡು ಹೋಗ್ತಿದ್ದ. ಚೆಕ್‌ಪೋಸ್ಟ್‌ನಿಂದ ಬ್ರಿಟಿಷ್ ಸೈನಿಕನ ಗುಂಡು ತಗುಲಿ ಸತ್ತ. ಆ ಸೈನಿಕನಿಗೆ ನರಹತ್ಯೆಯ ಅಪರಾಧ ಸಾಬೀತಾಗಿದ್ದು 2022ರಲ್ಲಿ, 34 ವರ್ಷದ ಮೇಲೆ. ಅಲ್ಲಿ ಭಾನುವಾರ ಮ್ಯಾಚಿಗೆ ಹೋಗೋದು ಬರೀ ಮನರಂಜನೆ ಆಗಿರಲಿಲ್ಲ. ಅಂಥ ಊರಲ್ಲಿ ನಮ್ಮನಮ್ಮಲ್ಲೇ ಎಂಟು ವರ್ಷ ಫುಟ್‌ಬಾಲಿಗೆ ಜಗಳ ಆಡಿದ್ವಲ್ಲ ಅಂತ ಮನೆ ಮಾಲೀಕರು ತಲೆ ಅಲ್ಲಾಡಿಸ್ತಿದ್ರು.

1990ರಲ್ಲಿ ಜಗಳ ಮುಗೀತು. ಎರಡೂ ಕಡೆ ಸೇರಿ ಹೊಸ ಹೆಸರಿನ ಕ್ಲಬ್ ಮಾಡಿದ್ರು, ಎರಿಗಲ್ ಕೀರಾನ್. ಈ ರಾಜಿಯಲ್ಲಿ ಗ್ಲೆನ್‌ಕಲ್ ಕಡೆಯಿಂದ ಓಡಾಡಿದವರಲ್ಲಿ ಮಿಕಿ ಹಾರ್ಟ್ ಅನ್ನೋ ಮೇಷ್ಟ್ರು ಒಬ್ಬರು. ಈ ಹೆಸರೂ ನೆನಪಿರಲಿ. ಮೂರೇ ವರ್ಷದಲ್ಲಿ, 1993ರಲ್ಲಿ, ಆ ಹೊಸ ಕ್ಲಬ್ ಟಿರೋನ್ ಗೆದ್ದು, ಇಡೀ ಅಲ್ಸ್ಟರ್ ಪ್ರಾಂತ್ಯದ ಕ್ಲಬ್ ಚಾಂಪಿಯನ್ ಆಯ್ತು. ಟಿರೋನ್‌ನ ಯಾವ ಕ್ಲಬ್ಬೂ ಅದಕ್ಕೆ ಮೊದಲು ಆ ಕಪ್ ಗೆದ್ದಿರಲಿಲ್ಲ. ಒಟ್ಟಿಗೆ ಆಡಿದ್ರೆ ಏನಾಗ್ತಿತ್ತು ಅಂತ ಎಂಟು ವರ್ಷ ತಡವಾಗಿ ಗೊತ್ತಾಯ್ತು.

ಕ್ಯಾನವನ್ ಟಿರೋನ್ ಹಿರಿಯರ ತಂಡಕ್ಕೆ ಬಂದಿದ್ದು 1989ರಲ್ಲಿ. 1991 ಮತ್ತು 1992ರಲ್ಲಿ 21ರೊಳಗಿನವರ ಆಲ್ ಐರ್ಲೆಂಡ್ ಗೆದ್ದ ತಂಡಗಳಲ್ಲೂ ಇದ್ದರು. ನೋಡೋಕೆ ಫಾರ್ವರ್ಡ್ ಅಂತ ಅನ್ನಿಸೋ ಆಳಲ್ಲ. ಕುಳ್ಳ ಮೈಕಟ್ಟು. ಎದುರಿಗೆ ನಿಲ್ಲೋ ಡಿಫೆಂಡರ್‌ಗಳು ಒಂದು ತಲೆ ಎತ್ತರ. ಆದರೆ ಬಲಗಾಲು, ಎಡಗಾಲು ಎರಡರಲ್ಲೂ ಹೊಡೀತಾರೆ. ಎಡಕ್ಕೆ ಹೋಗ್ತಾನೆ ಅಂತ ಡಿಫೆಂಡರ್ ಒಂದು ಹೆಜ್ಜೆ ಇಟ್ಟ ಅಂದ್ರೆ, ಇವರು ಬಲಕ್ಕೆ ತಿರುಗಿ ಚೆಂಡು ಕಂಬಿ ಮೇಲೆ ದಾಟಿಸಿ ಆಗಿರುತ್ತೆ. ಫ್ರೀ ಕಿಕ್ ಕೂಡ ಇವರದ್ದೇ. ಜನ ಇಟ್ಟ ಹೆಸರು 'ಪೀಟರ್ ದ ಗ್ರೇಟ್'.

ಈಗ ಆ ಕ್ಯಾಸೆಟ್‌ಗೆ ಬರೋಣ. 1995ರ ಸೆಪ್ಟೆಂಬರ್, ಡಬ್ಲಿನ್‌ನ ಕ್ರೋಕ್ ಪಾರ್ಕ್, ಆಲ್ ಐರ್ಲೆಂಡ್ ಫೈನಲ್. ಎದುರಾಳಿ ಡಬ್ಲಿನ್, ಅದೂ ಅವರದೇ ಊರಲ್ಲಿ. ಕಪ್ಪಿನ ಹೆಸರು ಸ್ಯಾಮ್ ಮಗ್ವಾಯರ್. ಟಿರೋನ್‌ಗೆ ಅದು ಎರಡನೇ ಫೈನಲ್. 1986ರಲ್ಲಿ ಕೆರ್ರಿ ವಿರುದ್ಧ ಸೋತಿದ್ರು, ಕಪ್ಪನ್ನು ಒಮ್ಮೆಯೂ ಗೆದ್ದಿರಲಿಲ್ಲ. ಹಿಂದಿನ ನಾಲ್ಕು ವರ್ಷ ಕಪ್ ಗೆದ್ದಿದ್ದು ಅವರ ಅಕ್ಕಪಕ್ಕದ ಅಲ್ಸ್ಟರ್ ಕೌಂಟಿಗಳೇ. ಡೌನ್, ಡೊನಿಗಾಲ್, ಡೆರಿ, ಮತ್ತೆ ಡೌನ್. ಓಣಿಯಲ್ಲಿ ಎಲ್ಲರ ಮನೆಯಲ್ಲೂ ಮದುವೆ ಆಯ್ತು, ನಮ್ಮ ಮನೆಯಲ್ಲಿ ಮಾತ್ರ ಇಲ್ಲ ಅನ್ನೋ ಸ್ಥಿತಿ.

ಮ್ಯಾಚ್ ಮುಗಿದಾಗ ಸ್ಕೋರ್: ಡಬ್ಲಿನ್ 1-10, ಟಿರೋನ್ 0-12. ಅಂದ್ರೆ 13ಕ್ಕೆ 12. ಒಂದೇ ಒಂದು ಪಾಯಿಂಟಿನ ಸೋಲು. ಟಿರೋನ್‌ನ ಆ 12ರಲ್ಲಿ 11 ಹೊಡೆದದ್ದು ಒಬ್ಬನೇ ಆಟಗಾರ, ಪೀಟರ್ ಕ್ಯಾನವನ್. ಉಳಿದ ಹದಿನಾಲ್ಕು ಜನ ಸೇರಿ ಒಂದು.

ಇದನ್ನು ಕೇಳಿದ ಕೂಡಲೇ ಆಹಾ ಎಂಥಾ ಆಟ ಅಂತೀವಿ. ನನಗೆ ಅನ್ನಿಸೋದು ಬೇರೆ. ಹನ್ನೊಂದು ಪಾಯಿಂಟ್ ಒಬ್ಬನೇ ಹೊಡೀಬೇಕಾಗಿ ಬಂತು ಅಂದ್ರೆ ಆ ತಂಡದಲ್ಲಿ ಏನೋ ಕೊರತೆ ಇದೆ. ಡಬ್ಲಿನ್‌ನವರಿಗೆ ಒಬ್ಬನನ್ನೇ ಕಾದ್ರೆ ಸಾಕಿತ್ತು. ಕಾದ್ರು, ಆದ್ರೂ ಹನ್ನೊಂದು ಹೊಡೆದ. ಅದು ಅವನ ದೊಡ್ಡತನ, ತಂಡದ ಸೋಲೂ ಅಲ್ಲೇ ಇತ್ತು.

ಕೊನೇ ಗಳಿಗೆ. ಟಿರೋನ್ ಒಂದು ಪಾಯಿಂಟ್ ಹಿಂದೆ. ಚೆಂಡು ಕ್ಯಾನವನ್ ಹತ್ತಿರ, ಆಯ ತಪ್ಪಿ ನೆಲಕ್ಕೆ ಬೀಳ್ತಾ ಚೆಂಡನ್ನು ಕೈಯಿಂದ ಪಕ್ಕದ ಶಾನ್ ಮೆಕ್‌ಲಾಕ್ಲಿನ್ ಕಡೆ ತಳ್ತಾರೆ. ಮೆಕ್‌ಲಾಕ್ಲಿನ್ ಹೊಡೀತಾರೆ, ಚೆಂಡು ಕಂಬಿ ಮೇಲೆ. ಸಮ! ಮರುಪಂದ್ಯ! ಟಿರೋನ್ ಜನ ಕುಣೀತಿದ್ದಾರೆ. ಅಷ್ಟರಲ್ಲಿ ಸೀಟಿ. ಕ್ಯಾನವನ್ ನೆಲದ ಮೇಲಿದ್ದ ಚೆಂಡನ್ನು ಕೈಯಿಂದ ಮುಟ್ಟಿದ್ರು ಅಂತ ರೆಫರಿ ತೀರ್ಪು. ಪಾಯಿಂಟ್ ಇಲ್ಲ. ನೆನಪಿಟ್ಕೊಳ್ಳಿ ಅಂದಿದ್ದೆ ನೋಡಿ, ಆ ನಿಯಮ.

ಚೆಂಡು ನಿಜಕ್ಕೂ ನೆಲ ಮುಟ್ಟಿತ್ತಾ? ನಾನು ಆ ತುಣುಕನ್ನು ಹತ್ತಾರು ಸಲ ನೋಡಿದ್ದೀನಿ. ಟಿರೋನ್‌ನಲ್ಲಿ ಕೂತು ನೋಡಿದ್ರೆ ಮುಟ್ಟಿಲ್ಲ ಅನ್ನಿಸುತ್ತೆ. ಬೆಂಗಳೂರಲ್ಲಿ ಕೂತು ನೋಡಿದ್ರೆ ಅಷ್ಟು ಧೈರ್ಯವಾಗಿ ಹೇಳೋಕಾಗಲ್ಲ. ಅದೇನೇ ಇರಲಿ, ಹನ್ನೊಂದು ಪಾಯಿಂಟ್ ಹೊಡೆದ ಕೈಯೇ ಹದಿಮೂರನೆಯದನ್ನು ಕಿತ್ತುಕೊಳ್ತು ಅನ್ನೋ ಹಾಗಾಯ್ತು. ಮನೆ ಮಾಲೀಕರು ಟೀ ಇಡೋಕೆ ಎದ್ದು ಹೋಗ್ತಿದ್ದದ್ದು ಇದಕ್ಕೇ.

ಆ ವರ್ಷ ಐರ್ಲೆಂಡಿನ ವರ್ಷದ ಆಟಗಾರ ಪ್ರಶಸ್ತಿ ಅವರಿಗೇ ಬಂತು. ಸೋತ ತಂಡದವನಿಗೆ.

ಮುಂದಿನ ವರ್ಷ ಮತ್ತೆ ಅಲ್ಸ್ಟರ್ ಗೆದ್ದು ಸೆಮಿಫೈನಲ್‌ಗೆ ಹೋದ್ರು. ಮೀದ್ ಕೌಂಟಿಯವರು 2-15ಕ್ಕೆ 0-12ರಿಂದ ಸೋಲಿಸಿದ್ರು. ಟಿರೋನ್‌ನ ಇಬ್ಬರು ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಆಡಿದ್ರು, ಕ್ಯಾನವನ್ ಕಾಲು ಪೆಟ್ಟು ತಿಂತು. ಆಮೇಲೆ ಒಂದು ದೊಡ್ಡ ಖಾಲಿ. 26ನೇ ವಯಸ್ಸಿನಿಂದ 29ರವರೆಗೆ, ಒಬ್ಬ ಫಾರ್ವರ್ಡ್‌ನ ಅತ್ಯುತ್ತಮ ವರ್ಷಗಳು ಅಂತೀವಲ್ಲ, ಟಿರೋನ್ ಅಲ್ಸ್ಟರ್ ಕೂಡ ಗೆಲ್ಲಲಿಲ್ಲ. ಬೇರೆ ಆಟದಲ್ಲಾಗಿದ್ರೆ ಯಾವುದೋ ದೊಡ್ಡ ತಂಡ ಕೋಟಿಗಟ್ಟಲೆ ಕೊಟ್ಟು ಹಾರಿಸ್ಕೊಂಡು ಹೋಗ್ತಿತ್ತು. ಇಲ್ಲಿ ಅದಿಲ್ಲ. ದೈಹಿಕ ಶಿಕ್ಷಣದ ಮೇಷ್ಟ್ರು ಕ್ಯಾನವನ್, ಹಗಲು ಶಾಲೆ, ಸಂಜೆ ಮಳೆಯಲ್ಲಿ ಅಭ್ಯಾಸ. ವರ್ಷಗಟ್ಟಲೆ.

ಆ ಖಾಲಿಯ ಹಿಂದೆ ಇನ್ನೊಂದು ಕೆಲಸ ಸದ್ದಿಲ್ಲದೆ ನಡೀತಿತ್ತು. ಮಿಕಿ ಹಾರ್ಟ್ ಟಿರೋನ್‌ನ ಮೈನರ್ ತಂಡದ ಮ್ಯಾನೇಜರ್ ಆಗಿದ್ರು. 1998ರಲ್ಲಿ ಆ ಹುಡುಗರು ಆಲ್ ಐರ್ಲೆಂಡ್ ಗೆದ್ದರು. ಆ ಪೀಳಿಗೆ ಬೆಳೆದು ದೊಡ್ಡದಾಯ್ತು. ಅದರಲ್ಲಿ ಓವನ್ ಮಲಿಗನ್ ಅನ್ನೋ ಹುಡುಗ ಶಾಲೆಯಲ್ಲಿ ಕ್ಯಾನವನ್ ಮೇಷ್ಟ್ರ ಹತ್ತಿರವೇ ಕಲಿತವನು. 2003ಕ್ಕೆ ಹಾರ್ಟ್ ಹಿರಿಯರ ತಂಡದ ಮ್ಯಾನೇಜರ್ ಆದಾಗ ಕ್ಯಾಪ್ಟನ್ 32 ವರ್ಷದ ಕ್ಯಾನವನ್. ಗ್ಲೆನ್‌ಕಲ್‌ನ ಇಬ್ಬರು, ಒಂದು ಕಾಲದಲ್ಲಿ ಕ್ಲಬ್ಬೇ ಇಲ್ಲದವರು, ಈಗ ಇಡೀ ಕೌಂಟಿಯ ಚುಕ್ಕಾಣಿ ಹಿಡಿದಿದ್ರು. ಅದೇ ವರ್ಷ ಕ್ಯಾನವನ್ ತಂದೆ ತೀರಿಕೊಂಡರು.

ಸೆಮಿಫೈನಲ್‌ನಲ್ಲಿ ಕೆರ್ರಿ ವಿರುದ್ಧ ಟಿರೋನ್ 0-13ಕ್ಕೆ 0-6ರಿಂದ ಗೆದ್ದಿತು. ಆದರೆ ಶುರುವಿನಲ್ಲೇ ಕ್ಯಾನವನ್ ಕಣಕಾಲು ಉಳುಕಿ ಆಚೆ ಬಂದರು. ಸಾಮಾನ್ಯ ಉಳುಕಲ್ಲ, ಲಿಗಮೆಂಟ್ ಪೆಟ್ಟು. ಫೈನಲ್‌ಗೆ ಕೆಲವೇ ವಾರ. ಎದುರಾಳಿ ಯಾರು ಗೊತ್ತಾ? ಪಕ್ಕದ ಅರ್ಮಾ, ಹಿಂದಿನ ವರ್ಷದ ಚಾಂಪಿಯನ್. ಒಂದೇ ಪ್ರಾಂತ್ಯದ ಎರಡು ಕೌಂಟಿ ಆಲ್ ಐರ್ಲೆಂಡ್ ಫೈನಲ್ ಆಡಿದ್ದು ಅದೇ ಮೊದಲು. ಎರಡೂ ಕೌಂಟಿಯ ಗಡಿಯಲ್ಲಿ ಬಾವ ಒಂದು ಕಡೆ, ಬಾವಮೈದ ಇನ್ನೊಂದು ಕಡೆ.

ಹಾರ್ಟ್ ಮಾಡಿದ ಲೆಕ್ಕಾಚಾರ ನನಗೆ ತುಂಬ ಇಷ್ಟ. ಈ ಆಟದಲ್ಲಿ ಆಗ ಆಚೆ ಹೋದ ಆಟಗಾರ ವಾಪಸ್ ಬರಬಹುದಿತ್ತು, ಅದಕ್ಕೊಂದು ಬದಲಿ ಅವಕಾಶ ಖರ್ಚಾಗ್ತಿತ್ತು ಅಷ್ಟೇ. ಪೂರ್ತಿ 70 ನಿಮಿಷ ಆ ಕಾಲು ತಡೆಯಲ್ಲ. ಹಾಗಾದ್ರೆ ಮೊದಲರ್ಧ ಆಡಿಸೋಣ, ಮಧ್ಯೆ ಕೂರಿಸೋಣ, ಕೊನೆಗೆ ಮತ್ತೆ ಇಳಿಸೋಣ. ನಾವು ಹಳೇ ಸ್ಕೂಟರಿಗೆ ಚೋಕ್ ಎಳೆದು, ಸ್ವಲ್ಪ ಓಡಿಸಿ, ನಿಲ್ಲಿಸಿ, ಮತ್ತೆ ಏರು ಬಂದಾಗ ಸ್ಟಾರ್ಟ್ ಮಾಡೋ ಥರ.

2003ರ ಸೆಪ್ಟೆಂಬರ್ 28. ಕ್ಯಾನವನ್ ಕುಂಟುತ್ತಲೇ ಶುರು ಮಾಡಿದ್ರು, ಫ್ರೀ ಕಿಕ್‌ಗಳಲ್ಲಿ ಪಾಯಿಂಟ್ ಕೂಡಿಸಿದ್ರು, ಅರ್ಧ ಸಮಯಕ್ಕೆ ಟಿರೋನ್ ಮುಂದೆ. ಎರಡನೇ ಅರ್ಧಕ್ಕೆ ಕ್ಯಾಪ್ಟನ್ ಬೆಂಚಿನಲ್ಲಿ. ಅರ್ಮಾ ಹತ್ತಿರ ಹತ್ತಿರ ಬಂತು. ಸುಮಾರು ಹತ್ತು ನಿಮಿಷ ಇದೆ ಅನ್ನುವಾಗ ಆ ಕುಳ್ಳ ಆಕೃತಿ ಮತ್ತೆ ಗೆರೆ ದಾಟಿ ಒಳಗೆ ಬಂತು. ಆಗ ಎದ್ದ ಸದ್ದು ಗೋಲಿಗೂ ಬರಲ್ಲ ಅಂತ ಮನೆ ಮಾಲೀಕರು ಹೇಳ್ತಿದ್ರು, ಅವರು ಅಲ್ಲಿದ್ದವರು. ಮಜಾ ನೋಡಿ, ಆ ಹತ್ತು ನಿಮಿಷದಲ್ಲಿ ಟಿರೋನ್‌ನ ಉಳಿಸಿದ್ದು ಕ್ಯಾನವನ್ ಅಲ್ಲ. ಅರ್ಮಾದ ಸ್ಟೀವನ್ ಮೆಕ್‌ಡಾನಲ್ ಗೋಲಿನ ಮುಂದೆ ಹೊಡೆಯೋಕೆ ಕಾಲೆತ್ತಿದಾಗ, ಕಾನರ್ ಗಾರ್ಮ್ಲಿ ಅನ್ನೋ ಡಿಫೆಂಡರ್ ಎಲ್ಲಿಂದಲೋ ಹಾರಿ ಬಂದು ಮೈಯೊಡ್ಡಿ ತಡೆದ. ಆ ಒಂದು ತಡೆಯನ್ನು ಐರ್ಲೆಂಡಿನಲ್ಲಿ ಇವತ್ತಿಗೂ ತೋರಿಸ್ತಾರೆ. ಟಿರೋನ್ 0-12, ಅರ್ಮಾ 0-9.

ಹನ್ನೆರಡು ಪಾಯಿಂಟ್! 1995ರಲ್ಲೂ ಹನ್ನೆರಡೇ, ಈಗಲೂ ಹನ್ನೆರಡೇ. ಆದರೆ ಈ ಸಲ ಹನ್ನೆರಡರಲ್ಲಿ ಹನ್ನೊಂದು ಒಬ್ಬನದ್ದಲ್ಲ. ಟಿರೋನ್ ಮೊದಲ ಸಲ ಸ್ಯಾಮ್ ಮಗ್ವಾಯರ್ ಕಪ್ ಎತ್ತಿತು. ಎತ್ತಿದ್ದು ಆ ಹರ್ಲಿಂಗ್ ಕ್ಲಬ್ಬಿನ ಹಳೇ ಸದಸ್ಯ.

ಮುಂದಿನ ವರ್ಷದ ಬಗ್ಗೆ ಜಾಸ್ತಿ ಹೇಳಲ್ಲ, ಕಷ್ಟ ಆಗುತ್ತೆ. 2004ಕ್ಕೆ ಹೊಸ ಕ್ಯಾಪ್ಟನ್ ಕಾರ್ಮಕ್ ಮೆಕಾನಲನ್, 24 ವರ್ಷ, 2003ರ ಗೆಲುವಿನಲ್ಲಿ ದೊಡ್ಡ ಪಾಲಿದ್ದ ಡಿಫೆಂಡರ್. ಮಾರ್ಚ್ 1ರ ರಾತ್ರಿ ಮಲಗಿದವರು ಏಳಲಿಲ್ಲ. ಯಾರಿಗೂ ಗೊತ್ತಿರದ ಹೃದಯದ ತೊಂದರೆ. ಆ ವರ್ಷ ಟಿರೋನ್ ಕಪ್ ಉಳಿಸಿಕೊಳ್ಳಲಿಲ್ಲ, ಅದು ಯಾರಿಗೂ ಆಶ್ಚರ್ಯವೂ ಆಗಲಿಲ್ಲ.

2005. ಕ್ಯಾನವನ್‌ಗೆ 34. ಈಗ ಪೂರ್ತಿ ಮ್ಯಾಚ್ ಆಡೋ ಆಳಲ್ಲ, ಬೆಂಚಿನಿಂದ ಬರೋರು. ಸೆಮಿಫೈನಲ್ ಮತ್ತೆ ಅರ್ಮಾ ವಿರುದ್ಧ. ಪಂದ್ಯದ ಕೊನೆ ಕ್ಷಣ, ಸ್ಕೋರ್ ಸಮ, ಟಿರೋನ್‌ಗೆ ಫ್ರೀ ಕಿಕ್. ಬದಲಿಯಾಗಿ ಬಂದಿದ್ದ ಕ್ಯಾನವನ್ ಚೆಂಡು ತಗೊಂಡ್ರು. ಹತ್ತು ವರ್ಷದ ಹಿಂದೆ ಇದೇ ಮೈದಾನದಲ್ಲಿ, ಇಂಥದೇ ಕೊನೇ ಗಳಿಗೆಯಲ್ಲಿ, ಚೆಂಡು ಅವರ ಕೈಯಲ್ಲಿದ್ದಾಗ ಸೀಟಿ ಊದಿದ್ರು. ಈ ಸಲ ಕಂಬಿ ಮೇಲೆ. 1-13ಕ್ಕೆ 1-12.

ಫೈನಲ್ ಕೆರ್ರಿ ಮೇಲೆ. ಮೊದಲರ್ಧ ಮುಗಿಯೋಕೆ ಮುಂಚೆ ಎತ್ತರದ ಚೆಂಡು ಓವನ್ ಮಲಿಗನ್ ಕೈಗೆ ಬಂತು. ಅವನು ಪಕ್ಕಕ್ಕೆ ಕೊಟ್ಟ. ಓಡಿ ಬಂದ ಕ್ಯಾನವನ್ ಜೋರಾಗಿ ಹೊಡೆಯಲಿಲ್ಲ. ಗೋಲ್‌ಕೀಪರ್‌ನ ಆಚೆ ಮೂಲೆಗೆ, ನೆಲಕ್ಕೆ ಅಂಟಿಕೊಂಡ ಹಾಗೆ, ನಿಧಾನವಾಗಿ ಜಾರಿಸಿದ್ರು. ಶಿಷ್ಯ ಕೊಟ್ಟ ಚೆಂಡು, ಮೇಷ್ಟ್ರ ಗೋಲು. ಅರ್ಧ ಸಮಯಕ್ಕೆ ಮತ್ತೆ ಕೂತರು, ಎರಡನೇ ಅರ್ಧದಲ್ಲಿ ಮತ್ತೆ ಬಂದರು, ಅದೇ ಹಳೇ ಸ್ಕೂಟರ್ ಲೆಕ್ಕ. ಟಿರೋನ್ 1-16, ಕೆರ್ರಿ 2-10. ಕೂಡಿಸಿದ್ರೆ 19ಕ್ಕೆ 16. ಅಂತರ ಮೂರು, ಆ ಗೋಲಿನ ಬೆಲೆಯೂ ಮೂರು. ಅದಾದ ಮೇಲೆ ಅವರು ಕೌಂಟಿ ಆಟ ಬಿಟ್ಟರು. ಹದಿನೇಳು ಸೀಸನ್, ಎರಡು ಆಲ್ ಐರ್ಲೆಂಡ್, ಆರು ಆಲ್ ಸ್ಟಾರ್ ಪ್ರಶಸ್ತಿ. ಬ್ಯಾಂಕಿನಲ್ಲಿ ಮೇಷ್ಟ್ರ ಸಂಬಳ.

ಅಲ್ಲಿನವರು ಈ ವ್ಯವಸ್ಥೆ ಬಗ್ಗೆ ಪೂರ್ತಿ ಖುಷಿಯಾಗಿದ್ದಾರೆ ಅಂತ ನಾನು ಹೇಳ್ತಿಲ್ಲ. ಟಿಕೆಟ್ ದುಡ್ಡು, ಟಿವಿ ದುಡ್ಡು ಎಲ್ಲ ಬರುತ್ತೆ, ಆಡೋನಿಗೆ ಪ್ರಯಾಣ ಭತ್ಯೆ ಮತ್ತು ಸಣ್ಣ ಅನುದಾನ ಅಷ್ಟೇನಾ ಅಂತ ಆಟಗಾರರೇ ಕೇಳ್ತಾರೆ, ಮತ್ತು ಕೇಳೋದು ಸರಿ. ಕಣಕಾಲು ಮುರಿದುಕೊಂಡ ಮೇಲೆ ಸೋಮವಾರ ಕೆಲಸಕ್ಕೆ ಹೋಗೋದು ಹೇಗೆ ಅನ್ನೋದು ಸಣ್ಣ ಪ್ರಶ್ನೆ ಅಲ್ಲ. ಮೆಸೇಜ್ ಹಾಕಿದ ಕೇಳುಗರಿಗೆ ನನ್ನ ಹತ್ತಿರ ಇರೋ ಉತ್ತರ ಇಷ್ಟೇ. ದುಡ್ಡಿಲ್ಲದೆ ಆಡ್ತಾರೆ, ಆದರೆ ಬಿಟ್ಟಿಗಲ್ಲ. ಬೆಲೆ ಕಟ್ಟಿಯೇ ಆಡ್ತಾರೆ.

ಕೊನೆಗೊಂದು ಸುದ್ದಿ. ಕ್ಯಾನವನ್‌ರ ಮಕ್ಕಳು ಡಾರಾ ಮತ್ತು ರೂರಿ ಈಗ ಟಿರೋನ್ ಫಾರ್ವರ್ಡ್‌ಗಳು. 2021ರಲ್ಲಿ ಟಿರೋನ್ ಮತ್ತೆ ಆಲ್ ಐರ್ಲೆಂಡ್ ಗೆದ್ದಾಗ ಡಾರಾ ತಂಡದಲ್ಲಿದ್ದ. 2024ರ ಡಿಸೆಂಬರ್‌ನಲ್ಲಿ ಇಬ್ಬರೂ ಸೇರಿ ತಮ್ಮ ಕ್ಲಬ್‌ಗೆ ಅಲ್ಸ್ಟರ್ ಕಪ್ ಗೆದ್ದುಕೊಟ್ಟರು. ಮುಂದಿನ ತಿಂಗಳು ಆಲ್ ಐರ್ಲೆಂಡ್ ಕ್ಲಬ್ ಫೈನಲ್‌ನಲ್ಲಿ ಕ್ವಾಲಾ ಅನ್ನೋ ಡಬ್ಲಿನ್ ಕ್ಲಬ್ ಎದುರು ಸೋತರು. ಮತ್ತೆ ಡಬ್ಲಿನ್! ಮನೆ ಮಾಲೀಕರಿಗೆ ಫೋನ್ ಮಾಡಿದ್ದೆ. "ಮ್ಯಾಚ್ ನೋಡಿದ್ರಾ?" ಅಂದೆ. "ಮುಕ್ಕಾಲು ನೋಡಿದೆ," ಅಂದರು, "ಆಮೇಲೆ ಟೀ ಇಡೋಕೆ ಹೋದೆ."

ಆ ಕ್ಲಬ್ಬಿನ ಹೆಸರು ಎರಿಗಲ್ ಕೀರಾನ್. ಬ್ಯಾಲಿಗಾಲಿ ಹುಡುಗರು, ಗ್ಲೆನ್‌ಕಲ್ ಹುಡುಗರು ಒಂದೇ ಬಣ್ಣದ ಅಂಗಿಯಲ್ಲಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಿಮ್ಮೂರಿನ ತಂಡ ಯಾವತ್ತಾದ್ರೂ ಹೀಗೆ ಒಡೆದಿದ್ರೆ, ಮತ್ತೆ ಸೇರಿದ್ರೆ, ವಾಯ್ಸ್ ಮೆಸೇಜ್ ಕಳಿಸಿ. ಜಗಳದ ಕಾರಣ ಎಷ್ಟು ಸಣ್ಣದಾದ್ರೂ ಪರವಾಗಿಲ್ಲ.